ಪೆಟ್ರೋಲಿಗೆ ಕೊಸರು ಕೇಳಿದವನು

"ಗುರುಗಳೇ, ನನ್ನನ್ನು ಇನ್ನೂ ಯಾಕೆ ಪೂರ್ತಿ ತುಂಬಿಸಿಲ್ಲ?"

ಕೇಳಿದವನು ಮುದ್ದುರಂಗ. ಹನ್ನೊಂದು ವರ್ಷ ಗುರುಗಳ ಹತ್ತಿರ ಇದ್ದವನು. ಮರುದಿನ ಬೆಳಗ್ಗೆ ಬೇರೆ ಊರಿನ ಮಠಕ್ಕೆ ಪಾಠ ಹೇಳಲು ಹೊರಡಬೇಕಿತ್ತು. ಚೀಲ ಕಟ್ಟಿ ಆಗಿತ್ತು, ಬಸ್ಸಿನ ಹೊತ್ತು ವಿಚಾರಿಸಿ ಆಗಿತ್ತು. ಆದರೆ ಎದೆಯಲ್ಲಿ ಒಂದು ಭಯ ಕೂತಿತ್ತು. ಅಲ್ಲಿ ಯಾರಾದರೂ ಎದ್ದು ನಿಂತು ತನಗೆ ಗೊತ್ತಿಲ್ಲದ್ದನ್ನು ಕೇಳಿಬಿಟ್ಟರೆ?

"ನೀವು ಯಾವತ್ತೂ ಹೀಗೇ," ಅಂದ. "ಪಾಠ ಮುಗಿಯಿತು ಅನ್ನುವಷ್ಟರಲ್ಲಿ ಒಂದು ಮಾತು ಕಡಿಮೆ ಇಟ್ಟು ಎದ್ದು ಹೋಗುತ್ತೀರಿ. ಇವತ್ತು ಹಾಗೆ ಮಾಡಬೇಡಿ. ಉಳಿದದ್ದನ್ನೆಲ್ಲ ಕೊಟ್ಟುಬಿಡಿ. ಬಾಯಿಮಟ್ಟ ತುಂಬಿಸಿ, ಮೇಲೆ ಒಂದಿಷ್ಟು ಕೊಸರೂ ಹಾಕಿ."

ಕೊಸರು ಅಂದ ಕೂಡಲೇ ಗುರುಗಳು ನಕ್ಕರು. ಹಾಲಿನವಳು ಅಳತೆ ಮುಗಿದ ಮೇಲೆ ಹಾಕುವ ಒಂದು ಗುಟುಕು ಕೊಸರು. ಸೊಪ್ಪಿನವಳು ಕಟ್ಟಿನ ಮೇಲೆ ಇಡುವ ನಾಲ್ಕು ಎಸಳು ಕೊಸರು. ಅದನ್ನು ಕೇಳದೆ ಸಂತೆಯಿಂದ ಬಂದವನನ್ನು ಮನೆಯಲ್ಲಿ ದಡ್ಡ ಅನ್ನುತ್ತಾರೆ.

"ಕೂತುಕೋ," ಅಂದರು ಗುರುಗಳು. "ನಿನ್ನ ಹಾಗೆಯೇ ಕೊಸರು ಕೇಳಿದವನೊಬ್ಬನ ಕತೆ ಹೇಳುತ್ತೇನೆ."

ಒಬ್ಬ ಚಾಕಿಯವನಿದ್ದ. ರೇಷ್ಮೆ ಮೊಟ್ಟೆ ತಂದು, ಅದರಿಂದ ಬಂದ ಹುಳುವನ್ನು ಎರಡನೇ ಜ್ವರದ ತನಕ ಸಾಕಿ, ಆಮೇಲೆ ರೈತರಿಗೆ ಕೊಡುವುದು ಅವನ ಕಸುಬು. ಜ್ವರ ಅಂದರೆ ಕಾಯಿಲೆ ಅಲ್ಲ. ಪೊರೆ ಬಿಡುವ ಮುಂಚೆ ಹುಳು ತಿನ್ನುವುದನ್ನು ನಿಲ್ಲಿಸುತ್ತದೆ. ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಆ ನಿದ್ದೆಗೆ ರೇಷ್ಮೆಯವರು ಜ್ವರ ಅನ್ನುತ್ತಾರೆ. ಹುಳುವನ್ನು ಊರಿಂದ ಊರಿಗೆ ಒಯ್ಯಬೇಕಾದರೆ ಆ ನಿದ್ದೆಯಲ್ಲೇ ಒಯ್ಯಬೇಕು. ಎದ್ದ ಮೇಲೆ ಅದಕ್ಕೆ ತಡೆಯಲಾರದ ಹಸಿವು. ದಾರಿಯಲ್ಲಿ ಸೊಪ್ಪು ಹಾಕುವಂತಿಲ್ಲ. ಅರ್ಧ ಎದ್ದು ಅರ್ಧ ಮಲಗಿರುವಾಗ ಸೊಪ್ಪು ಬಿದ್ದರೆ ಗುಂಪು ಒಡೆಯುತ್ತದೆ, ಕೆಲವು ಮುಂದೆ ಬೆಳೆದು ಕೆಲವು ಹಿಂದೆ ಉಳಿಯುತ್ತವೆ. ಗುಂಪು ಒಡೆದರೆ ಬೆಳೆ ಇಲ್ಲ.

ಅವನು ಕೈ ಬಿಗಿ ಹಿಡಿಯುವವನಲ್ಲ. ಐವತ್ತು ಚಿಟ್ಟೆ ಇಟ್ಟ ಮೊಟ್ಟೆಯ ಹುಳು ಕೇಳಿದವರಿಗೆ ಮೇಲೊಂದು ಹಿಡಿ ಕೊಸರು ಹಾಕಿಯೇ ಕೊಡುತ್ತಿದ್ದ. ತಾನು ಏನು ಕೊಂಡರೂ ಕೊಸರು ಕೇಳದೆ ಬಿಡುತ್ತಿರಲಿಲ್ಲ. ಕೊಟ್ಟು ತೆಗೆದುಕೊಳ್ಳುವ ಬಾಳಲ್ಲಿ ಇದು ಸರಿಯೇ. ಅವನಿಗೊಂದು ಹಳೇ ಸ್ಕೂಟರ್ ಇತ್ತು.

ಬೆಟ್ಟದ ಮೇಲಿನ ಊರಲ್ಲಿ ಒಬ್ಬ ಹೆಂಗಸು ಇದ್ದಳು. ಒಂದು ಎಕರೆ ಹಿಪ್ಪುನೇರಳೆ ಹಾಕಿದ್ದಳು. ಆ ಊರಲ್ಲಿ ಅದುವರೆಗೆ ಯಾರೂ ರೇಷ್ಮೆ ಸಾಕಿದವರಲ್ಲ.

"ಮಕ್ಕಳು ಸಾಕಿದ್ದು ಸಾಲದು ಅಂತ ಹುಳ ಸಾಕ್ತಾಳಂತೆ," ಅಂತ ನೆರೆಯವರು ನಗುತ್ತಿದ್ದರು. ಆಕೆಯ ಭಾವ ದಿನಾ ಬೇಲಿಯ ಹತ್ತಿರ ನಿಂತು, "ಆ ಕಡ್ಡಿ ಕಿತ್ತಾಕಿ ಹುರುಳಿನಾದರೂ ಚೆಲ್ಲು" ಅನ್ನುತ್ತಿದ್ದ.

ಆಕೆ ಎಲ್ಲರೆದುರಿಗೆ ಒಂದು ಮಾತು ಹೇಳಿದ್ದಳು. "ಮೂರು ಸಲ ನೋಡ್ತೀನಿ. ಒಂದಾದರೂ ಬೆಳೆ ಕೈಗೆ ಬರದಿದ್ದರೆ ನೀವು ಕೀಳೋದು ಬೇಡ, ನಾನೇ ಕೀಳ್ತೀನಿ."

ಚಾಕಿಯವನ ಊರಿಂದ ಆ ಊರಿಗೆ ಅರ್ಧ ಹಗಲಿನ ದಾರಿ. ಹೆಚ್ಚೂಕಡಿಮೆ ಎಲ್ಲ ಏರು. ಬಸ್ಸಿನಲ್ಲಿ ಹುಳು ಒಯ್ಯುವಂತಿಲ್ಲ, ಬೀಡಿ ಹೊಗೆ ತಾಗಿದರೆ ಎಳೆ ಹುಳು ಏಳುವುದಿಲ್ಲ. ಸ್ಕೂಟರಿನಲ್ಲೇ ಹೋಗಬೇಕು. ಸ್ಕೂಟರಿನ ಟ್ಯಾಂಕ್ ಸಣ್ಣದು, ಏರಿನಲ್ಲಿ ಅದರ ಬಾಯಾರಿಕೆ ದೊಡ್ಡದು. ತುಂಬಿಸಿ ಹೊರಟರೂ ಕಡೆಯ ಏರಿನಲ್ಲಿ ಒಣಗುತ್ತಿತ್ತು. ಬಂಕ್ ಇದ್ದದ್ದು ಕೆಳಗೆ ಅವನ ಊರಿನಲ್ಲಿ ಮಾತ್ರ. ಬರುವಾಗ ಇಳಿಜಾರು, ಅದರ ಚಿಂತೆ ಇರಲಿಲ್ಲ. ಹೋಗುವಾಗ ಮಾತ್ರ ಕೈಯಲ್ಲಿ ಇನ್ನಷ್ಟು ಪೆಟ್ರೋಲು ಇರಬೇಕಿತ್ತು.

ಮೊದಲ ಸಲ ಅವನು ಅಡುಗೆ ಎಣ್ಣೆಯ ಹಳೇ ಪ್ಲಾಸ್ಟಿಕ್ ಕ್ಯಾನು ಹಿಡಿದು ಬಂಕಿಗೆ ಹೋದ. ಅದರ ಮುಚ್ಚಳ ಸಡಿಲವಾಗಿತ್ತು. ಬಾಯಿಗೆ ಒಂದು ಪ್ಲಾಸ್ಟಿಕ್ ಹಾಳೆ ಕೊಟ್ಟು ತಿರುಗಿಸಿದರೆ ಕೂರುತ್ತಿತ್ತು. ಅಲ್ಲಿ ಒಬ್ಬ ಮುದುಕ ಪಂಪು ಹಿಡಿದು ನಿಂತಿದ್ದ.

"ಬಾಯಿಮಟ್ಟ ಹಾಕು ತಾತ. ಮೇಲೆ ಒಂದು ಗುಟುಕು ಕೊಸರು."

"ಇದು ಹಾಲಲ್ಲ ಕಣಯ್ಯ, ಕೊಸರು ಹಾಕೋಕೆ."

"ಅಳತೆಗೆ ಸರಿಯಾಗಿ ಕೊಟ್ಟು ನೀನು ಸ್ವರ್ಗಕ್ಕೆ ಹೋಗ್ತೀಯಾ?"

"ನಿನ್ನ ಈ ಡಬ್ಬ ನೋಡಿದರೆ ನನಗಿಂತ ಮುಂಚೆ ನೀನೇ ಹೋಗೋ ಹಾಗಿದೆ."

ಮುದುಕ ಕೈ ತೆಗೆದ. ಪಕ್ಕದ ಪಂಪಿನವನು ನಗುತ್ತ ತುಂಬಿಸಿ ಕೊಟ್ಟ. ಕ್ಯಾನಿನ ಬಾಯಿಯ ತನಕ ಬಂತು. ಹಾಳೆ ಕೊಟ್ಟು ಮುಚ್ಚಳ ತಿರುಗಿಸುವಾಗ ನಾಲ್ಕು ಹನಿ ಹೊರಗೆ ಬಿತ್ತು. ಚಾಕಿಯವನಿಗೆ ತೃಪ್ತಿಯಾಯಿತು.

ಕ್ಯಾನನ್ನು ಮುಂದೆ ಕಾಲುಗಳ ನಡುವೆ ಇಟ್ಟುಕೊಂಡ. ಹುಳುವಿನ ಎರಡು ಬುಟ್ಟಿಗಳನ್ನು ಹಿಂದಿನ ಸೀಟಿನ ಮೇಲೆ ನೆಂಟರನ್ನು ಕೂರಿಸಿದ ಹಾಗೆ ಕೂರಿಸಿದ. ಹೊರಟ.

ಬಿಸಿಲು ಏರಿತು. ಪೆಟ್ರೋಲು ಬಿಸಿಲಿಗೆ ಹಿಗ್ಗುತ್ತದೆ. ಒಳಗೆ ಹಿಗ್ಗಲು ಜಾಗ ಇರಲಿಲ್ಲ. ಪ್ಲಾಸ್ಟಿಕ್ ಹಾಳೆಯ ಅಂಚಿನಿಂದ ಜಿನುಗಿತು. ಮೂರನೇ ತಿರುವಿನಲ್ಲಿ ಅವನಿಗೆ ವಾಸನೆ ಬಂತು. ಒಂದು ಗುಟುಕು ಹೋದರೆ ಹೋಗಲಿ, ಕೊಸರು ಹಾಕಿಸಿದ್ದೇನಲ್ಲ ಅಂದುಕೊಂಡ. ಗಾಡಿ ಮುಂದೆ ಹೋಯಿತು, ಗಾಳಿ ಹಿಂದೆ ಹೋಯಿತು. ಗಾಳಿಯ ಜೊತೆ ವಾಸನೆಯೂ ಹಿಂದಕ್ಕೆ ಹೋಗಿ ಬುಟ್ಟಿಗಳಲ್ಲಿ ಕೂತಿತು. ಅವನು ಹೊತ್ತಿಗೆ ಸರಿಯಾಗಿ ತಲುಪಿದ. ಹೆಂಗಸು ಎಳೆ ಸೊಪ್ಪು ಹೆಚ್ಚಿಟ್ಟುಕೊಂಡು ಕಾದಿದ್ದಳು. ಮಧ್ಯಾಹ್ನ ಕಾದಳು, ಸಂಜೆವರೆಗೆ ಕಾದಳು. ಹುಳು ಏಳಲಿಲ್ಲ.

ದಾರಿಯಲ್ಲಿ ಏನಾಯಿತು ಅಂತ ಆಕೆ ಕೇಳಿದಳು. ಅವನು ಸುಳ್ಳು ಹೇಳುವವನಲ್ಲ, ಎಲ್ಲ ಹೇಳಿದ.

"ಅಲ್ಲಪ್ಪಾ," ಅಂದಳು ಆಕೆ, "ನಿನ್ನ ಕೊಸರು ನನ್ನ ಹುಳ ತಿಂತಲ್ಲ."

ಎರಡನೇ ಸಲ ಅವನು ಕ್ಯಾನು ಮುಟ್ಟಲಿಲ್ಲ. ಆ ವಾಸನೆಯ ಸಹವಾಸವೇ ಬೇಡ ಅಂದ. ಟ್ಯಾಂಕ್ ತುಂಬಿಸಿಕೊಂಡು ಹೊರಟ. ಕಡೆಯ ಏರಿನಲ್ಲಿ ಗಾಡಿ ಕೆಮ್ಮಿತು, ನಿಂತಿತು. ಗಾಡಿಯನ್ನು ಎಡಕ್ಕೆ ವಾಲಿಸಿ ಅಲ್ಲಾಡಿಸಿದ. ತಳದಲ್ಲಿದ್ದ ನಾಲ್ಕು ಹನಿ ಇಂಜಿನ್ನಿಗೆ ಇಳಿದು ಎರಡು ತಿರುವು ಹತ್ತಿಸಿತು. ಮತ್ತೆ ವಾಲಿಸಿದ. ಈ ಸಲ ಅರ್ಧ ತಿರುವು. ಆಮೇಲೆ ತಳ್ಳಿದ. ಬೆವರು ಹನಿಸುತ್ತ ಊರು ತಲುಪುವಾಗ ಬುಟ್ಟಿಯಲ್ಲಿ ಅರ್ಧ ಹುಳು ಎದ್ದು ಹಸಿದು ಬಳಲಿದ್ದವು. ಉಳಿದರ್ಧ ಇನ್ನೂ ಜ್ವರದಲ್ಲಿದ್ದವು. ಗುಂಪು ಒಡೆದಿತ್ತು. ವಾರದೊಳಗೆ ಒಂದೊಂದಾಗಿ ಮೆತ್ತಗಾಗಿ ಸತ್ತವು.

ಅವನು ನೋಡಲು ಬಂದಾಗ ಆಕೆ ಸತ್ತ ಹುಳುವನ್ನು ಮೊರಕ್ಕೆ ಗುಡಿಸುತ್ತಿದ್ದಳು. ಬೈದಿದ್ದರೇ ವಾಸಿಯಿತ್ತು. ಬಾಗಿಲ ಮೂಲೆಯಲ್ಲಿ ಹೊಸದಾಗಿ ಮಸೆದ ಒಂದು ಕುಡುಗೋಲು ಒರಗಿತ್ತು. ಆಕೆ ಅದರ ಕಡೆ ನೋಡಿದಳು, ಅವನೂ ನೋಡಿದ.

ಗುರುಗಳು ಇಲ್ಲಿ ಕತೆ ನಿಲ್ಲಿಸಿದರು.

"ಅವನ ಪಾಡು ನೋಡು ಮುದ್ದುರಂಗ. ಒಯ್ದ, ಕೆಟ್ಟಿತು. ಒಯ್ಯಲಿಲ್ಲ, ಆಗಲೂ ಕೆಟ್ಟಿತು."

"ಹಾಗಾದರೆ ಸ್ವಲ್ಪ ಒಯ್ಯಬೇಕಿತ್ತು," ಅಂದ ಮುದ್ದುರಂಗ.

"ಸ್ವಲ್ಪ ಒಯ್ದವನು ಸ್ವಲ್ಪ ದೂರ ಹೋಗುತ್ತಾನೆ. ಆಕೆಯ ಮನೆ ಸ್ವಲ್ಪ ದೂರದಲ್ಲಿ ಇರಲಿಲ್ಲ. ಕೇಳು."

ಮೂರನೇ ಸಲ ಚಾಕಿಯವನು ಹಿಂದಿನ ದಿನವೇ ಬಂಕಿಗೆ ಹೋದ. ಕೈಯಲ್ಲಿ ಡಬ್ಬ ಇರಲಿಲ್ಲ, ಬಾಯಲ್ಲಿ ತಮಾಷೆ ಇರಲಿಲ್ಲ. ಮುದುಕನ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದ.

"ಪ್ಯಾಂಟಿಗೆ ಪೆಟ್ರೋಲು, ಪಕ್ಕದಲ್ಲಿ ಕಾದ ಇಂಜಿನ್ನು," ಅಂದ ಮುದುಕ. "ಸತ್ತದ್ದು ಹುಳ ಮಾತ್ರ ತಾನೇ? ನೀನು ಪುಣ್ಯವಂತ."

ಒಳಗೆ ಹೋಗಿ ಕಬ್ಬಿಣದ ಕ್ಯಾನೊಂದನ್ನು ತಂದ. ಪೆಟ್ರೋಲು ಒಯ್ಯಲೆಂದೇ ಮಾಡಿದ್ದು ಅದು. ಮುಚ್ಚಳಕ್ಕೆ ರಬ್ಬರಿನ ಬಳೆ ಇತ್ತು. ಚಿಲಕ ಒತ್ತಿದರೆ ಗಾಳಿಯೂ ಆಡುತ್ತಿರಲಿಲ್ಲ. ಚಾಕಿಯವನು ಅದನ್ನು ಎತ್ತಿ ಗಾಡಿಯ ಮೇಲೆ ಇಡಲು ಹೋದ.

"ನೆಲದ ಮೇಲೆ ಇಡು," ಅಂದ ಮುದುಕ. "ಯಾವತ್ತೂ ನೆಲದ ಮೇಲೆ ಇಟ್ಟೇ ತುಂಬಿಸಬೇಕು. ಗಾಡಿ ಆಫ್ ಇರಬೇಕು."

ಮುದುಕ ತುಂಬಿಸುತ್ತ ಬಂದ. ಬಾಯಿಗಿಂತ ಕೆಳಗೇ ಪಂಪು ನಿಲ್ಲಿಸಿದ. ಚಾಕಿಯವನು ಒಳಗೆ ಇಣುಕಿದ. ಕಲಿತ ಬಾಯಿ, ತಡೆಯಲಾಗಲಿಲ್ಲ.

"ಇನ್ನೂ ಹಿಡಿಯುತ್ತೆ ತಾತ."

ಮುದುಕ ಕ್ಯಾನಿನ ಹೊರಮೈಗೆ, ಬಾಯಿಯ ಕೆಳಗೆ, ತನ್ನ ನಾಲ್ಕು ಬೆರಳು ಅಡ್ಡ ಇಟ್ಟು ತೋರಿಸಿದ. "ಇಷ್ಟು ಬಿಡು."

"ಖಾಲಿ ಹೊತ್ತುಕೊಂಡು ಹೋಗಲಾ?"

"ಖಾಲಿ ಅಂತ ಯಾರಂದರು? ಬಿಸಿಲಿಗೆ ಇದು ಉಸಿರಾಡುತ್ತೆ ಕಣಯ್ಯ. ಎದೆ ಉಬ್ಬಿಸೋಕೆ ಜಾಗ ಕೊಡು. ಕೊಡದಿದ್ದರೆ ತಾನೇ ದಾರಿ ಮಾಡಿಕೊಳ್ಳುತ್ತೆ. ಆ ದಾರಿ ನಿನ್ನ ಹುಳದ ಮೇಲೆ ಹೋಗುತ್ತೆ, ಇಲ್ಲಾ ನಿನ್ನ ಮೇಲೆ ಹೋಗುತ್ತೆ."

ಮುದುಕ ಹೇಳಿದ್ದು ಇಷ್ಟೇ. ಉಳಿದದ್ದನ್ನು ಚಾಕಿಯವನು ತಾನೇ ಯೋಚಿಸಿದ. ಕ್ಯಾನನ್ನು ಬಂಕಿನಲ್ಲೇ ಬಿಟ್ಟು, ಹೆಗಲ ಮೇಲಿನ ಟವೆಲನ್ನು ಹ್ಯಾಂಡಲಿಗೆ ಕಟ್ಟಿ ಒಂದು ಸುತ್ತು ಹೋಗಿ ಬಂದ. ಟವೆಲಿನ ಸೆರಗು ಹಿಂದಕ್ಕೆ ಹಾರಿತು. ಅವನು ಹಣೆ ಚಚ್ಚಿಕೊಂಡ. ಇಷ್ಟು ವರ್ಷ ಗಾಡಿ ಓಡಿಸಿದ್ದೇನೆ, ಗಾಳಿ ಯಾವ ಕಡೆ ಹೋಗುತ್ತದೆ ಅಂತ ನೋಡಿರಲಿಲ್ಲವಲ್ಲ ಅಂದ.

ಮರುದಿನ ನಸುಕಿನಲ್ಲಿ ಹುಳುವಿನ ಬುಟ್ಟಿಗಳು ಮುಂದೆ ಬಂದವು. ಕ್ಯಾನು ಹಿಂದಕ್ಕೆ ಹೋಯಿತು. ಸೈಲೆನ್ಸರಿನ ಬಿಸಿ ತಾಗದ ಹಾಗೆ, ಹಿಂದಿನ ಕ್ಯಾರಿಯರಿನ ಮೇಲೆ, ನೆಟ್ಟಗೆ ನಿಲ್ಲಿಸಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ನಾಲ್ಕು ಸುತ್ತು ಬಿಗಿದ. ಅಲ್ಲಾಡಿಸಿ ನೋಡಿದ. ಗಾಡಿ ಅಲ್ಲಾಡಿತು, ಕ್ಯಾನು ಅಲ್ಲಾಡಲಿಲ್ಲ. ಮೇಲೆ ಒದ್ದೆ ಗೋಣಿ ಹೊದಿಸಿದ.

ಬಿಸಿಲು ಏರಿತು. ಕ್ಯಾನು ಒಳಗೊಳಗೇ ಉಸಿರಾಡಿತು. ಒಂದು ಹನಿ ಹೊರಗೆ ಬರಲಿಲ್ಲ.

ಕಡೆಯ ಏರಿನಲ್ಲಿ ಗಾಡಿ ಕೆಮ್ಮಿ ನಿಂತಿತು. ಈ ಸಲ ಅವನು ವಾಲಿಸಲಿಲ್ಲ. ಬುಟ್ಟಿಗಳನ್ನು ಇಳಿಸಿ, ಗಾಳಿ ಬರುತ್ತಿದ್ದ ಕಡೆಗೆ ಮೂವತ್ತು ಹೆಜ್ಜೆ ನಡೆದು, ಒಂದು ಹೊಂಗೆ ಮರದ ನೆರಳಲ್ಲಿ ಇಟ್ಟ. ಬುಟ್ಟಿಗೆ ಮುಚ್ಚಿದ್ದ ಕಾಗದ ಸರಿಸಿ ನೋಡಿದ. ಹುಳುಗಳ ಮೈ ಬಿಗಿದು ಹೊಳೆಯುತ್ತಿತ್ತು. ಏಳಲು ಇನ್ನು ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಊರು ಅಲ್ಲಿಂದ ಅರ್ಧ ಗಂಟೆ.

ಹಿಂದೆ ಬಂದು ಇಂಜಿನ್ನಿನ ಮೇಲೆ ಅಂಗೈ ಇಟ್ಟ. ಕೈ ತಾನೇ ಹಾರಿತು. ಅದು ಆರುವ ತನಕ ಕ್ಯಾನು ಬಿಚ್ಚುವಂತಿಲ್ಲ. ಪೆಟ್ರೋಲು ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ. ಹುಳು ಏಳುವ ಹೊತ್ತು ಹತ್ತಿರವಾಗುತ್ತಿದೆ. ಅವನು ರಸ್ತೆಯ ಪಕ್ಕ ಕಲ್ಲಿನ ಮೇಲೆ ಸುಮ್ಮನೆ ಕೂತ. ಅವನ ಬಾಳಿನಲ್ಲೇ ಅಷ್ಟು ಕಷ್ಟದ ಕೆಲಸ ಅವನು ಮಾಡಿರಲಿಲ್ಲ.

ಒಂದು ಟೆಂಪೊ ಬಂತು. ಗುರುತಿನ ಡ್ರೈವರು ಬೀಡಿ ಕಚ್ಚಿಕೊಂಡು ತಲೆ ಹೊರಗೆ ಹಾಕಿದ.

"ಏನಣ್ಣಾ, ಹುಳ ಬಿಟ್ಟು ಗಾಡಿಗೇ ಜ್ವರ ಬಂತಾ?"

"ಹೂಂ ಕಣಪ್ಪ. ಇಳಿಯಲಿ ಅಂತ ಕಾಯ್ತಾ ಇದ್ದೀನಿ. ನೀನು ಬೀಡಿ ತಗೊಂಡು ಮುಂದಕ್ಕೆ ನಡಿ, ಇಲ್ಲದಿದ್ದರೆ ಇಬ್ಬರಿಗೂ ಜ್ವರ ಬರುತ್ತೆ."

ಟೆಂಪೊ ಹೋಯಿತು. ಅವನು ಮತ್ತೆ ಅಂಗೈ ಇಟ್ಟ. ತೆಗೆದ. ಮತ್ತೆ ಕೂತ. ಮೂರನೇ ಸಲ ಅಂಗೈ ಇಟ್ಟು ಹತ್ತು ಉಸಿರು ಎಳೆಯುವ ತನಕ ತೆಗೆಯಲಿಲ್ಲ. ಈಗ ಸರಿ ಅಂದ.

ಕ್ಯಾನನ್ನು ನೆಲಕ್ಕಿಳಿಸಿ ಚಿಲಕವನ್ನು ನಿಧಾನವಾಗಿ ಎತ್ತಿದ. ಹುಸ್ ಅಂತ ಒಂದು ಉಸಿರು ಹೊರಗೆ ಬಂತು. ಇಡೀ ದಾರಿ ಆ ನಾಲ್ಕು ಬೆರಳಿನ ಜಾಗದಲ್ಲಿ ಕೂತಿದ್ದ ಉಸಿರು ಅದು. ಆಲಿಕೆ ಇಟ್ಟು ಚೆಲ್ಲದ ಹಾಗೆ ಟ್ಯಾಂಕಿಗೆ ಸುರಿದ. ಮುಚ್ಚಳ ಬಿಗಿದ. ಕೈಗೆ ಮಣ್ಣು ಉಜ್ಜಿ, ಕುಡಿಯಲು ತಂದ ನೀರಿನಲ್ಲೇ ತೊಳೆದು, ಮೂಸಿ ನೋಡಿ, ಮತ್ತೆ ತೊಳೆದು, ಆಮೇಲೆ ಬುಟ್ಟಿ ಮುಟ್ಟಿದ.

ಮೊದಲ ಕಿಕ್ಕಿಗೆ ಏನೂ ಇಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದಕ್ಕೆ ಗಾಡಿ ಕೂಗಿತು. ಬೆಟ್ಟವೂ ಕೂಗಿತು.

ಆಕೆಯ ಮನೆಯ ಮುಂದೆ ಅರ್ಧ ಊರು ನೆರೆದಿತ್ತು. ಮೂರನೆಯದೂ ಕೆಡುವುದನ್ನು ನೋಡಲು ಬಂದವರು. ಭಾವ ಕುಡುಗೋಲು ಹಿಡಿದೇ ನಿಂತಿದ್ದ. ಆಕೆ ಬುಟ್ಟಿಗಳನ್ನು ಒಳಗೆ ತೆಗೆದುಕೊಂಡು ಹುಳುವನ್ನು ತಟ್ಟೆಯಲ್ಲಿ ಹರಡಿದಳು. ಇಪ್ಪತ್ತು ಸಾವಿರ ಹುಳು. ಒಂದೂ ಅಲ್ಲಾಡಲಿಲ್ಲ.

"ಮುಗೀತು ಬಿಡು," ಅಂದ ಭಾವ.

ಆಕೆ ಚಾಕಿಯವನ ಮುಖ ನೋಡಿದಳು. ಅವನು ತಟ್ಟೆಯಿಂದ ಕಣ್ಣು ತೆಗೆಯದೆ, "ತಾಳು ತಾಯಿ," ಅಂದ.

ಒಂದು ತಲೆ ಅಲ್ಲಾಡಿತು. ಆಮೇಲೆ ಅದರ ಪಕ್ಕದ್ದು. ಪೊರೆ ಹಿಂದಕ್ಕೆ ಸರಿಯಿತು, ಹೊಸ ಮೈ ಮುಂದೆ ಬಂತು. ನೋಡನೋಡುತ್ತ ತಟ್ಟೆಗೆ ತಟ್ಟೆಯೇ ತಲೆ ಎತ್ತಿ ಆಚೆ ಈಚೆ ತೂಗಿತು. ಮೊದಲು ಕೊನೆ ಅನ್ನುವುದಿಲ್ಲದೆ ಎಲ್ಲ ಒಟ್ಟಿಗೇ ಎದ್ದವು. ಆಕೆ ಕಡೆಯ ಹುಳು ಎದ್ದದ್ದನ್ನು ನೋಡಿಕೊಂಡು ಸೊಪ್ಪು ಚೆಲ್ಲಿದಳು.

ನೆರೆದವರು ಬಾಗಿಲಿಗೆ ಮುತ್ತಿದರು. ಒಳಗಿಂದ ಒಂದು ಸದ್ದು ಬಂತು. ಹೊಸ ಸೀರೆಯ ಮಡಿಕೆಯನ್ನು ಯಾರೋ ಬಿಚ್ಚುತ್ತಲೇ ಇರುವಂಥ ಸದ್ದು. ಇಪ್ಪತ್ತು ಸಾವಿರ ಬಾಯಿ ತಿನ್ನುತ್ತಿದ್ದವು.

"ಬೇಲಿ ಹತ್ತಿರ ನಿಲ್ಲಬೇಡ ಭಾವ," ಅಂದಳು ಆಕೆ. "ಕುಡುಗೋಲು ಹೇಗೂ ಕೈಯಲ್ಲಿದೆ. ಸಂಜೆಗೆ ಸೊಪ್ಪು ಸಾಲದು, ಕೊಯ್ದುಕೊಂಡು ಬಾ."

ಗಿಡ ಕೀಳಲು ಮಸೆದ ಕುಡುಗೋಲಿನಲ್ಲಿ ಭಾವ ಸೊಪ್ಪು ಕೊಯ್ದ. ಒಂದು ದಿನವಲ್ಲ, ಹುಳು ಹಣ್ಣಾಗಿ ಸೊಪ್ಪು ಬಿಡುವ ತನಕ ಕೊಯ್ದ. ಗೂಡು ಕಟ್ಟುವ ಹೊತ್ತಿಗೆ ಆಕೆಯ ಹತ್ತಿರ ಇದ್ದ ಚಂದ್ರಿಕೆಗಳು ಸಾಲಲಿಲ್ಲ. ನಕ್ಕವರೇ ಬಿದಿರು ಸೀಳಿ, ಜಗಲಿಯಲ್ಲಿ ಕೂತು, ಹುಳು ಬಿಡುವ ಹೊಸ ಚಂದ್ರಿಕೆ ಹೆಣೆದು ಕೊಟ್ಟರು. ಗೂಡು ಬಿಡಿಸಿದ ದಿನ ಆ ಮನೆಯ ನಡುಮನೆಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಎಲ್ಲ ಬಿಳಿ.

ಮುಂದಿನ ಮಳೆಗಾಲಕ್ಕೆ ಆ ಊರಿನ ಹನ್ನೆರಡು ಮನೆಯವರು ಹಿಪ್ಪುನೇರಳೆ ನೆಟ್ಟರು. ಚಾಕಿಯವನ ಸ್ಕೂಟರು ಊರ ಬಾಗಿಲಿಗೆ ಬಂದಾಗ ತಮಟೆ ಬಡಿದು ಕರೆದುಕೊಂಡರು. ಮಲಗಿದ ಹುಳುವಿಗೆ ಸದ್ದಾಗುತ್ತದೆ ಅಂತ ಆಕೆ ಓಡಿ ಬಂದು ಎಲ್ಲರನ್ನೂ ಬೈದು ತಮಟೆ ನಿಲ್ಲಿಸಿದಳು. ಆದರೂ ಅವರ ಕುಣಿತ ನಿಲ್ಲಲಿಲ್ಲ. ಸದ್ದಿಲ್ಲದೆ ಕುಣಿದುಕೊಂಡೇ ಸ್ಕೂಟರನ್ನು ಮನೆತನಕ ತಂದರು.

ಅವತ್ತು ಆಕೆ ಚಾಕಿಯವನನ್ನು ಕೇಳಿದಳು. "ಈ ಸಲ ಬಂಕಿನಲ್ಲಿ ಕೊಸರು ಎಷ್ಟು ಹಾಕಿಸಿದೆಯಪ್ಪಾ?"

ಅವನು ನಾಲ್ಕು ಬೆರಳು ಎತ್ತಿ ತೋರಿಸಿ ನಕ್ಕ.

ಗುರುಗಳು ಕತೆ ಮುಗಿಸಿ ಎದ್ದರು. ಎಂದಿನ ಹಾಗೆ, ಇನ್ನೊಂದು ಮಾತು ಬಾಕಿ ಇದೆ ಅನ್ನಿಸುವಾಗಲೇ ಎದ್ದರು. ಮುದ್ದುರಂಗನೂ ಎದ್ದ.

"ಕತೆ ಚೆನ್ನಾಗಿದೆ ಗುರುಗಳೇ. ಆದರೆ ನಾಳೆ ಅಲ್ಲಿ ಯಾರಾದರೂ ನನಗೆ ಗೊತ್ತಿಲ್ಲದ್ದನ್ನು ಕೇಳಿದರೆ ನಾನೇನು ಮಾಡಲಿ? ನಾನು ಕೇಳಿದ ಕೊಸರನ್ನು ನೀವು ಕೊಡಲೇ ಇಲ್ಲ."

ಗುರುಗಳು ಬಾಗಿಲಲ್ಲಿ ತಿರುಗಿ ನಿಂತರು.

"ಹನ್ನೊಂದು ವರ್ಷ ಜೋಪಾನ ಮಾಡಿ ನಿನ್ನೊಳಗೆ ನಾಲ್ಕು ಬೆರಳು ಖಾಲಿ ಬಿಟ್ಟಿದ್ದೇನಲ್ಲ, ಅದೇ ಕಣೋ ಕೊಸರು."